ಎಫ್‌ಟಿಎಎ: ಹುಟ್ಟುವ ಮೊದಲೇ ಮುಗಿದ ಒಪ್ಪಂದ

ಎಫ್‌ಟಿಎಎ ಅಂದರೆ ಉತ್ತರ, ದಕ್ಷಿಣ ಎರಡೂ ಅಮೆರಿಕ ಸೇರಿದ ಮುಕ್ತ ವ್ಯಾಪಾರ ವಲಯ. 1994ರ ಡಿಸೆಂಬರ್‌ನಲ್ಲಿ ಮಯಾಮಿಯಲ್ಲಿ 34 ದೇಶಗಳ ನಾಯಕರು ಸೇರಿ, 2005ರೊಳಗೆ ಮಾತುಕತೆ ಮುಗಿಸೋಣ ಅಂತ ಒಪ್ಪಿಕೊಂಡರು. ಕ್ಯೂಬಾಗೆ ಕರೆಯೇ ಇರಲಿಲ್ಲ. ಅಮೆರಿಕ, ಕೆನಡಾ, ಮೆಕ್ಸಿಕೊ ನಡುವಿನ ಮುಕ್ತ ವ್ಯಾಪಾರ ಒಪ್ಪಂದ ನಾಫ್ಟಾ ಅದೇ ವರ್ಷದ ಜನವರಿಯಲ್ಲಿ ಜಾರಿಗೆ ಬಂದಿತ್ತು. ಅಂಥದ್ದನ್ನೇ ದಕ್ಷಿಣದ ತುದಿವರೆಗೂ ಒಯ್ಯಬೇಕು ಅನ್ನುವುದು ಅಮೆರಿಕದ ಲೆಕ್ಕ.

ಈ ಒಪ್ಪಂದ ಯಾಕೆ ಮುರಿಯಿತು ಅನ್ನುವ ಪ್ರಶ್ನೆಗೆ ಉತ್ತರ ಬರೆಯುವಾಗ ನಮ್ಮಲ್ಲಿ ಹೆಚ್ಚಿನವರು ‘ವೆನೆಜುವೆಲಾದ ಅಧ್ಯಕ್ಷ ಹ್ಯೂಗೊ ಚಾವೆಸ್ ವಿರೋಧಿಸಿದರು, ಒಪ್ಪಂದ ಮುರಿಯಿತು’ ಅಂತ ಮುಗಿಸುತ್ತೇವೆ. ಗದ್ದಲ ಜಾಸ್ತಿ ಮಾಡಿದ್ದು ಅವರೇ, ನಿಜ. ಆದರೆ ಕಗ್ಗಂಟಾಗಿದ್ದು ಅಮೆರಿಕ ಮತ್ತು ಬ್ರೆಜಿಲ್ ನಡುವೆ.

ಕಿತ್ತಳೆ ರಸವನ್ನೇ ನೋಡಿ. ಅದನ್ನು ಜಗತ್ತಿನಲ್ಲಿ ಅತಿ ಹೆಚ್ಚು ರಫ್ತು ಮಾಡುವುದು ಬ್ರೆಜಿಲ್. ಅಮೆರಿಕದಲ್ಲಿ ರಸದ ಕಿತ್ತಳೆ ಬೆಳೆಯುತ್ತಿದ್ದದ್ದು ಮುಖ್ಯವಾಗಿ ಫ್ಲಾರಿಡಾದಲ್ಲಿ. ಜಾರ್ಜ್ ಬುಷ್ 2000ರ ಅಧ್ಯಕ್ಷ ಚುನಾವಣೆ ಗೆದ್ದಿದ್ದೇ ಆ ರಾಜ್ಯದ ಕೆಲವು ನೂರು ಮತಗಳಿಂದ. ಅವರ ತಮ್ಮನೇ ಅಲ್ಲಿ ಗವರ್ನರ್! ಅಲ್ಲಿನ ಬೆಳೆಗಾರರನ್ನು ಎದುರು ಹಾಕಿಕೊಂಡು ಸುಂಕ ಇಳಿಸುವುದು ಆಗುವ ಮಾತಾ?

ಸಬ್ಸಿಡಿಯದೂ ಇದೇ ಕಥೆ. ಅಮೆರಿಕ ತನ್ನ ರೈತರಿಗೆ ಕೊಡುವ ಸಬ್ಸಿಡಿ ಬಗ್ಗೆ ಇಲ್ಲಿ ಚರ್ಚೆ ಬೇಡ, ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ನೋಡೋಣ ಎಂದಿತು. ಯುರೋಪ್ ಕಡಿಮೆ ಮಾಡದೆ ತಾನೊಬ್ಬನೇ ಯಾಕೆ ಮಾಡಬೇಕು ಅನ್ನುವುದು ಅದರ ವಾದ. ಸರಿ, ಹಾಗಾದರೆ ನಿಮಗೆ ಬೇಕಾದ ಪೇಟೆಂಟ್, ಹೂಡಿಕೆ, ಸರ್ಕಾರಿ ಖರೀದಿ ವಿಷಯಗಳೂ ಅಲ್ಲಿಗೇ ಹೋಗಲಿ ಎಂದಿತು ಬ್ರೆಜಿಲ್. ತಮಾಷೆ ಅಂದರೆ, 2002ರ ಕೊನೆಯಿಂದ ಮಾತುಕತೆಗೆ ಜಂಟಿ ಅಧ್ಯಕ್ಷರು ಈ ಎರಡೇ ದೇಶಗಳು. 2003ರಲ್ಲಿ ಮತ್ತೆ ಮಯಾಮಿಯಲ್ಲಿ ಸೇರಿ, ಯಾರಿಗೆ ಎಷ್ಟು ಬೇಕೋ ಅಷ್ಟು ಒಪ್ಪಿಕೊಳ್ಳಲಿ ಅಂತ ಒಪ್ಪಂದವನ್ನು ತೆಳುಮಾಡಿದರು. ಅದೂ ಮುಂದೆ ಹೋಗಲಿಲ್ಲ.

2005ರ ನವೆಂಬರ್, ಅರ್ಜೆಂಟೀನಾದ ಮಾರ್ ದೆಲ್ ಪ್ಲಾಟಾ. ಅದೇ 34 ದೇಶಗಳ ಶೃಂಗಸಭೆಯ ಹೊರಗೆ ಕ್ರೀಡಾಂಗಣದಲ್ಲಿ ಚಾವೆಸ್ ಭಾಷಣ, ಪಕ್ಕದಲ್ಲಿ ಮರಡೋನಾ. ಒಳಗೆ ಬುಷ್. ಮೆಕ್ಸಿಕೊ ಸೇರಿ 29 ದೇಶಗಳು ಮಾತುಕತೆ ಮುಂದುವರಿಸೋಣ ಎಂದವು. ಬೇಡ ಎಂದದ್ದು ಐದೇ: ದಕ್ಷಿಣ ಅಮೆರಿಕದ ವ್ಯಾಪಾರ ಕೂಟವಾದ ಮರ್ಕೊಸುರ್‌ನ ಬ್ರೆಜಿಲ್, ಅರ್ಜೆಂಟೀನಾ, ಉರುಗ್ವೆ, ಪರಾಗ್ವೆ, ಜೊತೆಗೆ ವೆನೆಜುವೆಲಾ. ಐದು ಸಣ್ಣ ಸಂಖ್ಯೆ ಅನ್ನಿಸಬಹುದು. ಆದರೆ ದಕ್ಷಿಣದ ದೊಡ್ಡ ಮಾರುಕಟ್ಟೆಗಳು ಅಲ್ಲೇ ಇದ್ದವಲ್ವಾ? ಕೊನೆಗೆ ಒಂದೇ ಘೋಷಣಾಪತ್ರದಲ್ಲಿ ಎರಡು ನಿಲುವನ್ನೂ ಅಕ್ಕಪಕ್ಕ ಬರೆದಿಟ್ಟು ಎದ್ದರು.

ಆಮೇಲೆ ಅಮೆರಿಕ ಒಬ್ಬೊಬ್ಬರ ಜೊತೆ ಬೇರೆ ಬೇರೆ ಒಪ್ಪಂದ ಮಾಡಿಕೊಳ್ಳುತ್ತಾ ಹೋಯಿತು. ಚಿಲಿಯದು 2004ರಲ್ಲೇ ಜಾರಿಯಾಗಿತ್ತು. ಪೆರುವಿನದು 2009ರಲ್ಲಿ, ಕೊಲಂಬಿಯಾದ್ದು 2012ರಲ್ಲಿ ಜಾರಿಗೆ ಬಂತು.