ರಾಹುಕಾಲ ನೋಡಿದಿರಿ, ಬೆಳಕು ನೋಡಿದಿರಾ?

ಕೊಡಗಿನ ಕೈಲ್ ಮುಹೂರ್ತ ಹಬ್ಬಕ್ಕೆ ಇನ್ನು ಎರಡೇ ದಿನ. ಶುಕ್ರವಾರ ರಾತ್ರಿ ಎಂಟು ಗಂಟೆಗೆ ಸುಂಟಿಕೊಪ್ಪದ ಕಡೆಯಿಂದ ಫೋನ್ ಬಂತು. ‘ಅಣ್ಣ, ಹೊಸ ಕಾರು ಬಂತು. ಲಾರಿಯಿಂದ ಇಳಿಸಿ ಆಯಿತು. ಮುಂದಿನ ಬಂಪರಿನ ಅಡಿಯಲ್ಲಿ ಏನೋ ಕೆರೆದ ಹಾಗೆ ಕಾಣುತ್ತದೆ. ಮಳೆಯಲ್ಲಿ ಸರಿಯಾಗಿ ಗೊತ್ತಾಗುತ್ತಿಲ್ಲ.’

‘ಲಾರಿ ಎಲ್ಲಿದೆ?’

‘ಹೋಯಿತಲ್ಲ.’

‘ಕಾಗದಕ್ಕೆ ಸಹಿ?’

‘ಹಾಕಿದೆ. ಯಾಕೆ?’

ಈ ‘ಯಾಕೆ’ಗೆ ಉತ್ತರ ಹೇಳಿ ಹೇಳಿ ನನಗೆ ಸಾಕಾಗಿದೆ. ಅಂದು ಆ ಕಾರು ಬೆಳಿಗ್ಗೆ ಹತ್ತಕ್ಕೆ ಬೆಂಗಳೂರಿನಿಂದ ಹೊರಡಬೇಕಿತ್ತು. ಹತ್ತೂವರೆಯಿಂದ ರಾಹುಕಾಲ ಎಂದು ಮನೆಯಲ್ಲಿ ಯಾರೋ ನೆನಪಿಸಿದರು. ಹನ್ನೆರಡು ಕಳೆಯುವವರೆಗೆ ಲಾರಿಯನ್ನು ನಿಲ್ಲಿಸಿಕೊಂಡರು. ರಾಹುಕಾಲ ತಪ್ಪಿತು, ಜೊತೆಗೆ ಹಗಲೂ ತಪ್ಪಿತು. ರಸ್ತೆ ಬದಿಯ ಇಳಿಜಾರಿನಲ್ಲಿ, ಮೂರು ಮೊಬೈಲುಗಳ ಟಾರ್ಚಿನಲ್ಲಿ, ಛತ್ರಿ ಹಿಡಿದುಕೊಂಡು ಡೆಲಿವರಿ ಪಡೆದರು.

ನಾನು ವಾಹನ ವಿಮೆಯ ಸರ್ವೇಯರ್, ಹಾನಿ ನೋಡಿ ಅಂದಾಜು ಮಾಡುವವನು. ನನ್ನ ಮುಂದೆ ಬರುವುದು ಹೆಚ್ಚಾಗಿ ಮರ ಬಿದ್ದ ಜೀಪು, ಚರಂಡಿಗೆ ಇಳಿದ ಪಿಕಪ್, ಆನೆ ಒರಗಿದ ಕಾರು. ರೊಬಸ್ಟಾ ಕಾಫಿಯ ಬೆಲೆ 2024ರಲ್ಲಿ ದಾಖಲೆ ಮಾಡಿದ ಮೇಲೆ ನೆಲಕ್ಕೆ ಅಂಟಿಕೊಂಡಂತಿರುವ ಸ್ಪೋರ್ಟ್ಸ್ ಕಾರುಗಳೂ ಸೇರಿಕೊಂಡಿವೆ. ಕೊಳ್ಳಲಿ, ಸಂತೋಷ. ನಾಲ್ಕು ವರ್ಷ ಬೆಲೆ ಬಿದ್ದಾಗ ಕೊರಗಿದವರು ಒಂದು ವರ್ಷ ಮೆರೆದರೆ ತಪ್ಪೇನಿಲ್ಲ. ಆದರೆ ಬಣ್ಣ, ಚಕ್ರ, ಸೀಟಿನ ಹೊಲಿಗೆಯ ದಾರ ಆರಿಸಲು ಆರು ತಿಂಗಳು ತೆಗೆದುಕೊಂಡವರು, ಕಾರನ್ನು ಹೇಗೆ ಮನೆಗೆ ತರುವುದು ಎಂಬುದನ್ನು ಆರು ನಿಮಿಷದಲ್ಲಿ ಮುಗಿಸುತ್ತಾರೆ.

ಬೆಂಗಳೂರಿಗೆ ಹೋಗಿ ನೀವೇ ಓಡಿಸಿಕೊಂಡು ಬರಬಹುದು, ಫ್ಲಾಟ್‌ಬೆಡ್ ಲಾರಿಯಲ್ಲಿ ತರಿಸಬಹುದು. ಷೋರೂಮಿನ ಚಾಲಕ ತಂದುಕೊಡುತ್ತಾನೆ ಎಂಬ ಮೂರನೆಯ ದಾರಿಯ ಬಗ್ಗೆ ನನ್ನನ್ನು ಕೇಳಬೇಡಿ. ಬೇಡ ಎಂದಷ್ಟೇ ಹೇಳುತ್ತೇನೆ.

ಲಾರಿಯೇ ಬೇಕು ಎನ್ನುವವರ ಕಾರಣ ಬಹಳ ಸಲ ಒಂದೇ: ಮೀಟರಿನಲ್ಲಿ ಸೊನ್ನೆ ಇರಬೇಕು. ಕಾರ್ಖಾನೆಯಲ್ಲಿ, ಬಂದರಿನಲ್ಲಿ, ಗೋದಾಮಿನಲ್ಲಿ ಓಡಾಡಿದ ಕಾರಿಗೆ ಸೊನ್ನೆ ಎಲ್ಲಿಂದ ಬರಬೇಕು? ಹೊಸ ಎಂಜಿನ್ನಿಗೆ ಬೇಕಾಗಿರುವುದು ಹದವಾದ ಓಟ. ಟೈರು, ಬ್ರೇಕ್ ಪ್ಯಾಡುಗಳು ಪಳಗುವುದಕ್ಕೂ ಮೊದಲ ಇನ್ನೂರು ಕಿಲೋಮೀಟರ್ ಬೇಕು. ಮಡಿಕೇರಿಗೆ ಬೆಂಗಳೂರಿನಿಂದ ಇನ್ನೂರ ಐವತ್ತಕ್ಕೂ ಮೇಲಿದೆ. ಮೈಸೂರಿನವರೆಗೆ ಗಂಟೆಗೆ 100 ಕಿ.ಮೀ. ಮಿತಿ, ಮೇಲೆ ಕ್ಯಾಮೆರಾ. ಆಸೆಪಟ್ಟರೂ ಎಂಜಿನ್ನನ್ನು ಹಿಂಡಲಾಗದು. ಒಂದೇ ವೇಗದಲ್ಲಿ ಮಾತ್ರ ಓಡಿಸಬೇಡಿ, ಆಗಾಗ ಏರಿಳಿಸಿ. ಆರ್‌ಪಿಎಂ, ಅಂದರೆ ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು, ಎಷ್ಟು ಮೀರಬಾರದು ಎಂಬುದು ಕಾರಿನ ಕೈಪಿಡಿಯಲ್ಲಿದೆ, ಒಮ್ಮೆ ಓದಿ. ಡಿಸೆಂಬರ್‌ನಿಂದ ಮೇ ಒಳಗಾದರೆ, ರಸ್ತೆ ಒಣಗಿದ್ದರೆ, ನೀವೇ ಓಡಿಸಿಕೊಂಡು ಬನ್ನಿ ಎನ್ನುವವನು ನಾನು.

ಮಳೆಗಾಲದಲ್ಲಿ ಲಾರಿಯೇ ವಾಸಿ. ಆಗ ಭಾರೀ ವಾಹನಗಳಿಗೆ ಜಿಲ್ಲಾಡಳಿತ ನಿರ್ಬಂಧ ಹಾಕುವುದುಂಟು. ಹೊರಡುವ ಮೊದಲು ವಿಚಾರಿಸಿಕೊಳ್ಳಿ, ಇಲ್ಲವಾದರೆ ಕಂಟೇನರ್ ಲಾರಿ ಕುಶಾಲನಗರದಲ್ಲೇ ಉಳಿದೀತು. ಲಾರಿಯ ಮೇಲಿರುವ ಕಾರಿಗೆ ನಂಬರ್ ಯಾಕೆ ಎಂದು ಕೇಳುವವರಿದ್ದಾರೆ. ತಾತ್ಕಾಲಿಕವೋ ಕಾಯಮ್ಮೋ, ನೋಂದಣಿ ಇಲ್ಲದೆ ಡೀಲರ್ ವಾಹನ ಕೊಡುವಂತೆಯೇ ಇಲ್ಲ.

ಈಗ ಆ ‘ಯಾಕೆ’ಗೆ ಬರುತ್ತೇನೆ. ‘ಮನೆಗೆ ತಂದುಕೊಡುತ್ತೇವೆ’ ಎಂದು ಷೋರೂಮಿನವರು ಹೇಳಿದ ಕೂಡಲೇ ನಮ್ಮವರು, ಕಾರು ಗೇಟಿನ ಒಳಗೆ ಬರುವವರೆಗೆ ಅದರ ಭಾರ ಕಂಪನಿಯದ್ದು ಎಂದು ತಿಳಿಯುತ್ತಾರೆ. ಹಾಗೆ ಇರಬಹುದು, ಇಲ್ಲದೆಯೂ ಇರಬಹುದು. ಅದು ನೀವು ಸಹಿ ಹಾಕಿದ ಕಾಗದದಲ್ಲಿದೆ. 1930ರ ಸರಕು ಮಾರಾಟ ಕಾಯ್ದೆಯ 39ನೇ ಕಲಮಿನ ಪ್ರಕಾರ, ಖರೀದಿದಾರನಿಗೆ ತಲುಪಿಸಲೆಂದು ಮಾರಾಟಗಾರ ಸರಕನ್ನು ಸಾಗಣೆದಾರನ ಕೈಗೆ ಕೊಟ್ಟರೆ, ಮೇಲ್ನೋಟಕ್ಕೆ ಅದು ಖರೀದಿದಾರನಿಗೇ ಕೊಟ್ಟಂತೆ. ಅಂದರೆ ಬೆಂಗಳೂರಿನಲ್ಲಿ ಕಾರು ಲಾರಿ ಹತ್ತಿದ ಗಳಿಗೆಯಲ್ಲೇ ಅದು ನಿಮ್ಮ ಕೈಗೆ ಬಂದಿರಬಹುದು, ನೀವಿನ್ನೂ ಮನೆಯಲ್ಲಿ ಮಾವಿನ ತೋರಣ ಕಟ್ಟುತ್ತಿರುವಾಗಲೇ. ಒಪ್ಪಂದದಲ್ಲಿ ಬೇರೆ ರೀತಿ ಬರೆದುಕೊಂಡಿದ್ದರೆ ಬೇರೆ ಮಾತು. ಅದೇ ಕಾಯ್ದೆಯ 41ನೇ ಕಲಮು, ಕೇಳಿದರೆ ಸರಕನ್ನು ಪರೀಕ್ಷಿಸಲು ಸಾಕಷ್ಟು ಅವಕಾಶ ಕೊಡಬೇಕು ಎಂದೂ ಹೇಳುತ್ತದೆ. ಕೇಳಿದರೆ! ನಾನು ವಕೀಲನಲ್ಲ. ದೊಡ್ಡ ಮೊತ್ತವಾದರೆ ಕಾಗದವನ್ನು ವಕೀಲರಿಗೆ ತೋರಿಸಿ. ಆದರೆ ‘ವಾಹನವನ್ನು ಸುಸ್ಥಿತಿಯಲ್ಲಿ ಪಡೆದಿದ್ದೇನೆ’ ಎಂಬ ಸಾಲಿನ ಕೆಳಗೆ ನಿಮ್ಮ ಸಹಿ ಇದ್ದ ಮೇಲೆ, ಆ ಗೀರು ಲಾರಿಯಲ್ಲಿ ಆದದ್ದೋ ನಿಮ್ಮ ಗೇಟಿನ ಮುಂದಿನ ಹಂಪಿನಲ್ಲಿ ಆದದ್ದೋ ಎಂದು ನಾನಂತೂ ಹೇಳಲಾರೆ. ಗೀರು ಬಾಯಿ ಬಿಡುವುದಿಲ್ಲ.

ಪಾಲಿಸಿ ಓದಿದ ಕೆಲವರು ನನಗೇ ಪಾಠ ಹೇಳುತ್ತಾರೆ: ‘ಸಾಗಣೆಯಲ್ಲಿ ಆದ ಹಾನಿಗೂ ವಿಮೆ ಇದೆಯಲ್ಲ?’ ಇದೆ. ಸ್ವಂತ ಕಾರಿನ ಹಾನಿಯೂ ಸೇರಿರುವ ಪ್ಯಾಕೇಜ್ ಪಾಲಿಸಿಯಲ್ಲಿ ರಸ್ತೆ, ರೈಲು, ವಿಮಾನಗಳಲ್ಲಿ ಸಾಗಿಸುವಾಗಿನ ಹಾನಿ ಸೇರಿದೆ. ನಮ್ಮ ಜಿಲ್ಲೆಯವರಿಗೆ ಬೇಕಾದ ಭೂಕುಸಿತವೂ ಸೇರಿದೆ. ಆದರೆ ಅದು ನಿಮ್ಮ ಪಾಲಿಸಿ, ಲಾರಿಯವರದ್ದಲ್ಲ. ಝೀರೋ ಡೆಪ್ (ಸವಕಳಿ ಕಳೆಯದೆ ಕೊಡುವ ಹೆಚ್ಚುವರಿ ರಕ್ಷಣೆ) ತೆಗೆದುಕೊಂಡಿರದಿದ್ದರೆ, ನಿನ್ನೆಯಷ್ಟೇ ಬಂದ ಕಾರಾದರೂ ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ ಶೇ 50 ಸವಕಳಿ, ಫೈಬರ್‌ಗ್ಲಾಸಿಗೆ ಶೇ 30. ಬಂಪರ್ ಯಾವುದರಿಂದ ಆಗಿದೆ ಎಂದು ನೀವೇ ತಟ್ಟಿ ನೋಡಿ. ಇನ್ನು ಒಂದು ವರ್ಷ ಕ್ಲೇಮ್ ಮಾಡದಿದ್ದರೆ ಸ್ವಂತ ಹಾನಿಯ ಪ್ರೀಮಿಯಮ್ಮಿನಲ್ಲಿ ಸಿಗಬೇಕಿದ್ದ ಶೇ 20 ರಿಯಾಯಿತಿ ಮೊದಲ ದಿನವೇ ಹೋಯಿತು. ಕೋಟಿಯ ಕಾರಿಗೆ ಅದು ಕಾಸಿನ ಲೆಕ್ಕವಲ್ಲ. ಸಹಿ ಹಾಕುವ ಮೊದಲು ಎರಡು ಸಾಲು ಬರೆದಿದ್ದರೆ ಡೀಲರೋ ಸಾಗಣೆದಾರರೋ ಉತ್ತರ ಕೊಡಬೇಕಾಗಿದ್ದ ವಿಷಯವನ್ನು ನೀವು ನಿಮ್ಮ ದುಡ್ಡಿನಲ್ಲಿ ಮುಗಿಸುತ್ತೀರಿ.

ಆದ್ದರಿಂದ ನೋಡಬೇಕಾದದ್ದು ಎರಡು ಬಾರಿ. ಲಾರಿಗೆ ಹತ್ತುವ ಮೊದಲು ಷೋರೂಮಿನಲ್ಲಿ ಒಮ್ಮೆ. ನೀವು ಹೋಗಲಾಗದಿದ್ದರೆ, ಕಾರು ಗೊತ್ತಿರುವ ಅಳಿಯನನ್ನೋ ಮೆಕ್ಯಾನಿಕ್ಕನ್ನೋ ಕಳುಹಿಸಿ. ಇಳಿದ ಮೇಲೆ ಇಲ್ಲಿ ಇನ್ನೊಮ್ಮೆ, ಹಗಲಿನಲ್ಲಿ, ಮೈ ಒಣಗಿದ ಮೇಲೆ. ನೀರಿನ ಹನಿ ಇರುವ ಬಣ್ಣದಲ್ಲಿ ಗೀರು ಕಾಣುವುದೇ ಇಲ್ಲ. ರಿಮ್ಮಿನ ಅಂಚು, ಬಂಪರಿನ ಅಡಿ, ಬೆಲ್ಟ್ ಬಿಗಿದ ಜಾಗ, ಇವನ್ನು ಬಗ್ಗಿ ನೋಡಿ. ಬೆಲ್ಟನ್ನು ಟೈರಿನ ಮೇಲೆ ಹಾಯಿಸಿ ಕಟ್ಟಿರಬೇಕು. ಕೆಳಗಿನ ಕಬ್ಬಿಣಕ್ಕೆ ಸಿಕ್ಕಿಸಿದ್ದರೆ ಫೋಟೊ ತೆಗೆದುಕೊಳ್ಳಿ. ಲಾರಿಯ ನಂಬರೂ ಫೋಟೊದಲ್ಲಿರಲಿ.

ಇಳಿಸುವ ಜಾಗವೂ ಮುಖ್ಯ. ಎಲ್ಲರೂ ಗ್ರೌಂಡ್ ಕ್ಲಿಯರೆನ್ಸ್ ಎಷ್ಟು ಎಂದು ಕೇಳುತ್ತಾರೆ, ಪೆಟ್ಟು ತಿನ್ನುವುದು ಮಾತ್ರ ಮೂಗು. ಮುಂದಿನ ಚಕ್ರ ರ‍್ಯಾಂಪಿನ ಬುಡಕ್ಕೆ ಬರುವ ಮೊದಲೇ ಬಂಪರಿನ ತುಟಿ ನೆಲಕ್ಕೆ ತಾಗುತ್ತದೆ. ಜಾಗ ಸಮತಟ್ಟಾಗಿಲ್ಲದೆ ರ‍್ಯಾಂಪಿನ ಬುಡದಿಂದ ನೆಲ ಮೇಲೇರುತ್ತಿದ್ದರೆ ಆ ಕೋನ ಇನ್ನೂ ಕಡಿದಾಗುತ್ತದೆ. ಸುಂಟಿಕೊಪ್ಪದಲ್ಲಿ ಆದದ್ದು ಅದೇ ಇರಬೇಕು. ರ‍್ಯಾಂಪಿನ ಬುಡಕ್ಕೆ ಎರಡು ಸಿಲ್ವರ್ ಓಕ್ ಹಲಗೆ ಕೊಟ್ಟಿದ್ದರೆ ಸಾಕಿತ್ತು. ಐನ್‌ಮನೆಯ, ಅಂದರೆ ಕುಟುಂಬದ ಮೂಲ ಮನೆಯ ಅಂಗಳಕ್ಕೇ ಮೊದಲು ಬರಬೇಕು ಎಂಬ ಹಟ ಇನ್ನೊಂದು. ಓಣಿಯ ಎರಡೂ ಬದಿ ಆಳೆತ್ತರದ ಮಣ್ಣಿನ ದಿಬ್ಬ, ನಡುವೆ ಜೀಪಿಗೂ ಬಿಗಿ. ಲಾರಿ ಅಲ್ಲಿಗೆ ಬರುವುದಿಲ್ಲ, ಬಂದರೂ ತಿರುಗುವುದಿಲ್ಲ. ಅಜ್ಜಿಯನ್ನೇ ರಸ್ತೆಯವರೆಗೆ ಕರೆದುಕೊಂಡು ಬನ್ನಿ.

ಕೊಡಗಿನಲ್ಲಿ ಸ್ಪೋರ್ಟ್ಸ್ ಕಾರು ಇಳಿಸಲು ನಾನು ಕಂಡ ಒಳ್ಳೆಯ ಜಾಗ ಕಾಫಿ ಒಣಗಿಸುವ ಕಣ. ಸಮತಟ್ಟು ಸಿಮೆಂಟು, ಮೇಲೆ ಬಿಸಿಲು. ಲಾರಿ ಬರುವಷ್ಟು ಅಗಲದ ದಾರಿ ಇದ್ದರೆ ಇನ್ನೇನು ಬೇಕು?

ಪೊನ್ನಂಪೇಟೆ ಕಡೆಯ ಎಪ್ಪತ್ತು ದಾಟಿದ ಬೆಳೆಗಾರರೊಬ್ಬರು ಕಳೆದ ಫೆಬ್ರವರಿಯಲ್ಲಿ ಹಾಗೆಯೇ ಮಾಡಿದರು. ಸಂಜೆ ಕುಶಾಲನಗರಕ್ಕೆ ಬಂದ ಲಾರಿಯನ್ನು ರಾತ್ರಿ ಅಲ್ಲೇ ತಂಗಿಸಿ, ಚಾಲಕನ ಊಟದ ಖರ್ಚು ತಾವೇ ಕೊಟ್ಟರು. ಬೆಳಿಗ್ಗೆ ಕಣದಲ್ಲಿ ಹರಡಿದ್ದ ರೊಬಸ್ಟಾವನ್ನು ಅರ್ಧ ಭಾಗ ಬದಿಗೆ ಗುಡ್ಡೆ ಮಾಡಿಸಿದರು. ಹತ್ತು ಗಂಟೆಗೆ ಕಾರು ಇಳಿಯಿತು. ಇವರು ಗೋಣಿಚೀಲ ಹಾಸಿ, ಕನ್ನಡಕ ಏರಿಸಿ, ಒಂದೊಂದು ಚಕ್ರದ ಮುಂದೆಯೂ ಕುಳಿತರು. ನಾಲ್ಕನೆಯದರಲ್ಲಿ ಉಗುರಿನಷ್ಟು ಕೆರೆತ. ‘ಎಡ ಹಿಂಬದಿ ರಿಮ್, ಅಂಚಿನಲ್ಲಿ ಗೀರು’ ಎಂದು ಡೆಲಿವರಿ ಕಾಗದದಲ್ಲಿ ಕೈಯಿಂದಲೇ ಬರೆದು ಚಾಲಕನ ಮುಂದೆ ಹಿಡಿದರು. ಅವನು ಒಲ್ಲೆ ಎಂದ. ‘ಸರಿ, ನಾನೂ ಹಾಕುವುದಿಲ್ಲ. ಕಾಫಿ ಕುಡಿ’ ಎಂದರು. ಎರಡು ಲೋಟ ಕಾಫಿ, ಮೂರು ಫೋನ್ ಆದ ಮೇಲೆ ಅವನು ಸಹಿ ಹಾಕಿದ, ಅದರ ಕೆಳಗೆ ಇವರು. ರಿಮ್ ಡೀಲರ್ ಖರ್ಚಿನಲ್ಲೇ ಬದಲಾಯಿತು. ನನ್ನ ಪಾಲಿಗೆ ಕೆಲಸವೇ ಇರಲಿಲ್ಲ. ಕರೆದಿದ್ದರು ಎಂದು ಹೋಗಿ ನೋಡುತ್ತಾ ನಿಂತಿದ್ದೆ, ಅಷ್ಟೇ.

ಎಲ್ಲ ಮುಗಿದು ಅವರು ಕಾರು ಶುರು ಮಾಡಿ ಕಣದಿಂದ ಹೊರಡಬೇಕು, ಒಳಗಿನಿಂದ ಅವರ ಹೆಂಡತಿ ಮೊರ ಹಿಡಿದುಕೊಂಡು ಬಂದರು. ಹೊಸ ಟೈರಿನ ಸಂದುಗಳಲ್ಲಿ ಕಾಫಿ ಸಿಕ್ಕಿಕೊಂಡಿತ್ತು. ‘ಅದನ್ನು ಬಿಡಿಸಿ ಇದಕ್ಕೆ ಹಾಕಿ, ಆಮೇಲೆ ಎಲ್ಲಿಗೆ ಬೇಕಾದರೂ ಹೋಗಿ’ ಎಂದರು.