ಕಂಪನಿ ಉಳಿದೀತು, ಊರಿನ ಕಾರ್ಖಾನೆ?

ಕಾರು ಬಿಚ್ಚುವುದು ನನ್ನ ಹೊಟ್ಟೆಪಾಡು. ಸ್ಟುಟ್‌ಗಾರ್ಟ್ ಸುತ್ತಮುತ್ತಲಿನ ಬಿಡಿಭಾಗ ಉದ್ಯಮದಲ್ಲಿ ಕಾಸ್ಟ್ ಎಂಜಿನಿಯರ್ ಅಂದರೆ ಬೇರೇನಲ್ಲ. ಎದುರಾಳಿಯ ಕಾರು ಕೊಂಡು ತಂದು ಸ್ಕ್ರೂ ಸ್ಕ್ರೂ ಬಿಚ್ಚಬೇಕು, ತೂಕ ಹಾಕಬೇಕು. ಲೋಹದ ಬೆಲೆ, ಯಂತ್ರದ ಸಮಯ, ಕೂಲಿ, ಸಾಗಣೆ ಎಲ್ಲ ಕೂಡಿಸಿ, ‘ಈ ಭಾಗಕ್ಕೆ ಇಷ್ಟು ಖರ್ಚಾಗಿರಬೇಕು’ ಎಂದು ಲೆಕ್ಕ ಕಟ್ಟಬೇಕು. ಹಿಂದೆ ಚೀನಾದ ಕಾರು ಮೇಜಿಗೆ ಬಂದರೆ ಬೆಸುಗೆ ನೋಡಿ ನಗುವವರಿದ್ದರು. ಈಗ ನಗುವವರಿಲ್ಲ, ಫೋಟೊ ತೆಗೆದುಕೊಳ್ಳುತ್ತಾರೆ. ಚೀನಾದ ಈ ಪೈಪೋಟಿಗೆ ಯುರೋಪಿನ ಕಂಪನಿಗಳು ಹೇಗೆ ಹೊಂದಿಕೊಳ್ಳುತ್ತಿವೆ, ಅದರಿಂದ ಇಲ್ಲಿನ ಕಾರ್ಖಾನೆಗಳ ಗತಿ ಏನು ಎಂಬುದೇ ಈ ಬರಹದ ಮಾತು.

ಬೆಂಗಳೂರಿನಿಂದ ಫೋನ್ ಮಾಡುವ ಗೆಳೆಯರು ಕೇಳುವುದು ಒಂದೇ: ‘ಅಗ್ಗದ ಕೂಲಿ, ಸರ್ಕಾರದ ದುಡ್ಡು, ನಕಲು. ಚೀನಾದವರದು ಇಷ್ಟೇ ತಾನೆ?’ ಮೂರರಲ್ಲೂ ನಿಜವಿದೆ. ಆದರೆ ಮೂರನ್ನೂ ಬದಿಗಿಟ್ಟು ಲೆಕ್ಕ ಹಾಕಿದರೂ ಅಂತರ ಪೂರ್ತಿ ಮುಚ್ಚುವುದಿಲ್ಲ. 2023ರಲ್ಲಿ ಸ್ವಿಸ್ ಬ್ಯಾಂಕ್ ಯುಬಿಎಸ್, ಚೀನಾದ ಕಾರು ಕಂಪನಿ ಬಿವೈಡಿಯ ‘ಸೀಲ್’ ಕಾರನ್ನು ಹೀಗೆಯೇ ಬಿಚ್ಚಿಸಿ ನೋಡಿತು. ಹಳೆಯ ಕಂಪನಿಗಳ ಸಮಾನ ಕಾರಿಗಿಂತ ಸುಮಾರು 25% ಕಡಿಮೆ ಖರ್ಚು, ಭಾಗಗಳಲ್ಲಿ ಮುಕ್ಕಾಲು ಪಾಲು ಸ್ವಂತ ತಯಾರಿ ಎಂಬುದು ಅವರ ಲೆಕ್ಕ. ನಮ್ಮ ಕಸುಬಿನವರಿಗೆ ಆ ಎರಡನೆಯ ಮಾತೇ ಮುಖ್ಯ. ಬಿವೈಡಿ ಮೋಟಾರು, ಗೇರ್‌ಪೆಟ್ಟಿಗೆ, ಮೋಟಾರು ಕಂಟ್ರೋಲರ್, ಚಾರ್ಜರ್, ವೋಲ್ಟೇಜ್ ಕನ್ವರ್ಟರ್, ವಿದ್ಯುತ್ ಹಂಚುವ ಪೆಟ್ಟಿಗೆ, ಬ್ಯಾಟರಿ ನಿಯಂತ್ರಣ, ವಾಹನ ನಿಯಂತ್ರಣ ಎಂಟನ್ನೂ ಒಂದೇ ಜೋಡಣೆಯಾಗಿ ಕೂರಿಸುತ್ತದೆ. ಅದೇ ಎಂಟನ್ನು ಬೇರೆ ಬೇರೆ ವೆಂಡರ್‌ಗಳಿಂದ, ಅಂದರೆ ಬಿಡಿಭಾಗ ಪೂರೈಸುವವರಿಂದ, ತರಿಸಿದರೆ ಎಂಟು ಹೊರಕವಚ, ನಡುವೆ ಕಿತ್ತಳೆ ಬಣ್ಣದ ಹೈವೋಲ್ಟೇಜ್ ಕೇಬಲ್‌ಗಳು, ಕನೆಕ್ಟರ್‌ಗಳು, ಎಂಟು ಮಂದಿಯ ಲಾಭ. ಜೊತೆಗೆ ಎಂಟು ಪ್ರಾಜೆಕ್ಟ್ ಮ್ಯಾನೇಜರ್‌ಗಳು, ಅವರ ಸೋಮವಾರದ ಮೀಟಿಂಗ್‌ಗಳು.

ಅದಕ್ಕಿಂತ ದೊಡ್ಡದು ಸಮಯ. ಯುರೋಪಿನಲ್ಲಿ ಹೊಸ ಕಾರಿಗೆ ನಾಲ್ಕು ವರ್ಷ ಹಿಡಿಯುವುದು ಮಾಮೂಲಿ. ಚೀನಾದಲ್ಲಿ ಎರಡು ವರ್ಷ, ಕೆಲವೊಮ್ಮೆ ಅದಕ್ಕೂ ಕಡಿಮೆ. ಉಳಿದ ಎರಡು ವರ್ಷ ಎಲ್ಲಿ ಹೋಗುತ್ತದೆ? ನಮ್ಮಲ್ಲಿ ಡ್ರಾಯಿಂಗ್ ಫ್ರೀಜ್ ಆಗುವವರೆಗೆ, ಅಂದರೆ ಇನ್ನು ಬದಲಿಲ್ಲ ಎಂದು ಅಂತಿಮವಾಗುವವರೆಗೆ, ಡೈಗೆ (ಭಾಗಕ್ಕೆ ಆಕಾರ ಕೊಡುವ ಉಕ್ಕಿನ ಅಚ್ಚಿಗೆ) ಆರ್ಡರ್ ಹೋಗುವುದಿಲ್ಲ. ಆಮೇಲೆ ಎ ಸ್ಯಾಂಪಲ್, ಬಿ ಸ್ಯಾಂಪಲ್, ಸಿ ಸ್ಯಾಂಪಲ್ ಎಂದು ಹಂತಹಂತದ ಪರೀಕ್ಷಾ ಮಾದರಿಗಳ ಸರದಿ. ನಡುವೆ ಒಂದು ಮಿಲಿಮೀಟರ್ ಬದಲಾದರೂ ಅದಕ್ಕೊಂದು ಫಾರಂ, ಫಾರಂಗೊಂದು ಸಭೆ, ವೆಂಡರ್‌ನಿಂದ ಹೊಸ ಕೊಟೇಶನ್. ಚೀನಾದ ವೆಂಡರ್ ಡ್ರಾಯಿಂಗ್ ಇನ್ನೂ ಅಲ್ಲಾಡುತ್ತಿರುವಾಗಲೇ ಉಕ್ಕು ಕೊರೆಯಲು ಶುರುಮಾಡುತ್ತಾನೆ. ಬದಲಾದರೆ ಬೆಸುಗೆ ಹಾಕಿ ಮತ್ತೆ ಕೊರೆಯುತ್ತಾನೆ. ಅವನ ಟೂಲ್‌ರೂಮು, ಅಂದರೆ ಅಚ್ಚು ತಯಾರಿಸುವ ಜಾಗ, ಕಾರು ಕಾರ್ಖಾನೆಯ ಪಕ್ಕದಲ್ಲೇ ಇರುತ್ತದೆ, ಎಂಜಿನಿಯರ್ ಊಟವಾದ ಮೇಲೆ ಹೋಗಿ ನೋಡಿಕೊಂಡು ಬರಬಹುದು. ಸಾಫ್ಟ್‌ವೇರ್ ಅರ್ಧಂಬರ್ಧವಿದ್ದರೂ ಕಾರು ಹೊರಬೀಳುತ್ತದೆ, ಮಿಕ್ಕಿದ್ದು ಮೊಬೈಲ್ ಫೋನಿಗೆ ಬರುವಂತೆ ಗಾಳಿಯಲ್ಲೇ ಅಪ್‌ಡೇಟ್ ಆಗಿ ಬರುತ್ತದೆ.

ಈ ಅವಸರವನ್ನು ಹಾಡಿ ಹೊಗಳಬೇಕಿಲ್ಲ. 2025ರ ಮಾರ್ಚ್‌ನಲ್ಲಿ ಆನ್ಹುಯಿ ಪ್ರಾಂತ್ಯದ ಹೆದ್ದಾರಿಯಲ್ಲಿ, ಕೆಲವು ಕ್ಷಣ ಮುಂಚಿನವರೆಗೂ ಚಾಲಕ ಸಹಾಯ ವ್ಯವಸ್ಥೆಯಲ್ಲಿ (ಕಾರೇ ಒಂದಷ್ಟು ತಾನಾಗಿ ಓಡುವ ಸೌಲಭ್ಯ) ಸಾಗುತ್ತಿದ್ದ ಶಿಯೋಮಿ ಎಸ್‌ಯು7 ಕಾರು ಅಪಘಾತಕ್ಕೀಡಾಗಿ ಜೀವಹಾನಿಯಾಯಿತು. ಅದರ ಬೆನ್ನಿಗೆ ಬೀಜಿಂಗ್ ಸರ್ಕಾರವೇ ಚಾಲಕ ಸಹಾಯ ವ್ಯವಸ್ಥೆಯ ಜಾಹೀರಾತಿಗೂ ಮನಬಂದಂತೆ ಅಪ್‌ಡೇಟ್ ಕಳಿಸುವುದಕ್ಕೂ ಕಡಿವಾಣ ಹಾಕಿತು. ನಮ್ಮ ಫಾರಂಗಳೆಲ್ಲ ದಂಡ ಎಂದು ಹೇಳುವವರು ಇದನ್ನು ನೆನಪಿಡಲಿ. ಎಲ್ಲ ಫಾರಂಗಳೂ ಬೇಕು ಎನ್ನುವವರ ಜೊತೆಗೂ ನನ್ನ ಜಗಳವಿದೆ, ಅದು ಬೇರೆ ಮಾತು.

ಇಂಥ ವೇಗದ ಎದುರು ಯುರೋಪಿನವರು ಮಾಡುತ್ತಿರುವುದೇನು? ಫೋಕ್ಸ್‌ವ್ಯಾಗನ್‌ನಿಂದ ಶುರುಮಾಡೋಣ, ಏಕೆಂದರೆ ಚೀನಾಕ್ಕೆ ಮೊದಲು ಹೋದವರಲ್ಲಿ ಅವರೂ ಒಬ್ಬರು. 1984ರಲ್ಲಿ ಶಾಂಘೈನಲ್ಲಿ ಜಂಟಿ ಕಂಪನಿಯ ಒಪ್ಪಂದವಾಯಿತು. ಅವರ ‘ಸಾಂಟಾನಾ’ ದಶಕಗಳ ಕಾಲ ಚೀನಾದ ಟ್ಯಾಕ್ಸಿಯಾಗಿ ಓಡಿತು. ವಿದೇಶಿ ಕಂಪನಿ ಅರ್ಧಕ್ಕಿಂತ ಹೆಚ್ಚು ಪಾಲು ಹೊಂದುವಂತಿರಲಿಲ್ಲ, ಕಾರುಗಳಿಗೆ ಆ ನಿಯಮ ಪೂರ್ತಿ ಹೋದದ್ದು 2022ರಲ್ಲಿ. ಜರ್ಮನ್ನರು ಕಲಿಸಿದರು, ಚೀನೀಯರು ಕಲಿತರು, ಇಬ್ಬರೂ ದುಡಿದರು. 2023ರ ಹೊತ್ತಿಗೆ ಚೀನಾದಲ್ಲಿ ಅತಿ ಹೆಚ್ಚು ಮಾರಾಟವಾಗುವ ಬ್ರ್ಯಾಂಡ್ ಎಂಬ ಪಟ್ಟ ಫೋಕ್ಸ್‌ವ್ಯಾಗನ್‌ನಿಂದ ಬಿವೈಡಿಗೆ ಹೋಯಿತು. ಅದೇ ವರ್ಷ ಫೋಕ್ಸ್‌ವ್ಯಾಗನ್ ಸುಮಾರು 70 ಕೋಟಿ ಡಾಲರ್ ಕೊಟ್ಟು ಎಕ್ಸ್‌ಪೆಂಗ್ ಎಂಬ ಎಳೆಯ ಕಂಪನಿಯಲ್ಲಿ 4.99% ಪಾಲು ಕೊಂಡಿತು. ಪಾಲು ನೆಪ, ಬೇಕಾಗಿದ್ದದ್ದು ಆ ಕಂಪನಿಯ ಸಾಫ್ಟ್‌ವೇರ್ ಮತ್ತು ಕಾರಿನೊಳಗಿನ ವಿದ್ಯುನ್ಮಾನ ವಿನ್ಯಾಸ. ಹೆಫೆ ನಗರದಲ್ಲಿ ಸುಮಾರು 100 ಕೋಟಿ ಯುರೋ ಸುರಿದು ಕಟ್ಟಿದ ಅಭಿವೃದ್ಧಿ ಕೇಂದ್ರ ಈಗ ಕಂಪನಿಯ ಕೇಂದ್ರ ಕಚೇರಿ ಇರುವ ಜರ್ಮನಿಯ ವೋಲ್ಫ್ಸ್‌ಬರ್ಗ್‌ನ ಅಪ್ಪಣೆಗೆ ಕಾಯದೆ ಇಡೀ ಕಾರನ್ನು ರೂಪಿಸಬಲ್ಲದು. ಔಡಿಯ ಕಥೆ ಇನ್ನೂ ಸ್ವಾರಸ್ಯದ್ದು. ಚೀನಾದ ಪಾಲುದಾರನ ತಳಹದಿಯ ಮೇಲೆ ಕಟ್ಟಿ 2025ರಲ್ಲಿ ಅಲ್ಲಿ ಮಾರಾಟಕ್ಕೆ ಬಿಟ್ಟ ಔಡಿಯ ಮೂತಿಯ ಮೇಲೆ ನಾಲ್ಕು ಬಳೆಗಳೇ ಇಲ್ಲ, ಬರೀ ಹೆಸರಿನ ಅಕ್ಷರಗಳಿವೆ.

‘ಚೀನಾದಲ್ಲಿ, ಚೀನಾಕ್ಕಾಗಿ’ ಎಂಬುದು ಇದಕ್ಕೆ ಅವರಿಟ್ಟ ಹೆಸರು. ನನ್ನ ಕಣ್ಣಿಗೆ ಇದು ಒಂದೇ ಸೂರಿನಡಿ ಒಲೆ ಬೇರೆ ಮಾಡಿಕೊಂಡ ಸಂಸಾರ. ಚಿಪ್ ಬೇರೆ, ಸಾಫ್ಟ್‌ವೇರ್ ಬೇರೆ, ವೆಂಡರ್ ಬೇರೆ. 2021ರಲ್ಲಿ ಚೀನಾದ ದತ್ತಾಂಶ ಕಾನೂನುಗಳು ಬಂದ ಮೇಲೆ ಅಲ್ಲಿನ ರಸ್ತೆಯಲ್ಲಿ ಕಾರಿನ ಕ್ಯಾಮೆರಾ ಕಂಡದ್ದನ್ನು ದೇಶದ ಹೊರಗೆ ಕಳಿಸುವುದು ಕಷ್ಟ, ಹಾಗಾಗಿ ಚಾಲಕ ಸಹಾಯದ ಕೆಲಸವೂ ಅಲ್ಲೇ ಆಗಬೇಕು. ಕಂಪನಿಯ ಲೆಕ್ಕಪುಸ್ತಕಕ್ಕೆ ಇದು ಜಾಣತನ. ಹೆಫೆಯ ಲಾಭವೂ ಕೊನೆಗೆ ವೋಲ್ಫ್ಸ್‌ಬರ್ಗ್‌ನ ಬ್ಯಾಲೆನ್ಸ್ ಶೀಟಿಗೆ ಬರುತ್ತದಲ್ಲ. ಆದರೆ ನಮ್ಮ ಸ್ಟುಟ್‌ಗಾರ್ಟ್ ಸುತ್ತಲಿನ ಸ್ವಾಬಿಯಾ ಸೀಮೆಯ ಯಾವುದೋ ಹಳ್ಳಿಯಲ್ಲಿ ವಾಲ್ವ್ ಮಾಡುವ ವೆಂಡರ್‌ಗೆ ಆ ಒಲೆಯಿಂದ ಒಂದು ತುತ್ತೂ ಬರುವುದಿಲ್ಲ. ಕಂಪನಿ ಹೊಂದಿಕೊಳ್ಳುವುದನ್ನೇ ಯುರೋಪ್ ಹೊಂದಿಕೊಂಡಿತು ಎಂದು ಓದುವ ವರದಿಗಾರರು ಈ ಅಂತರವನ್ನು ದಾಟಿಕೊಂಡು ಹೋಗುತ್ತಾರೆ.

ರೆನೊ ಹಿಡಿದ ದಾರಿ ಬೇರೆ, ನನಗೆ ಮೆಚ್ಚುಗೆಯಾದದ್ದೂ ಅದೇ. ಚೀನಾದಲ್ಲಿ ರೆನೊಗೆ ಹೇಳಿಕೊಳ್ಳುವಂಥ ಮಾರುಕಟ್ಟೆಯೇ ಇಲ್ಲ. ಆದರೂ ಶಾಂಘೈನಲ್ಲಿ ಒಂದು ಅಭಿವೃದ್ಧಿ ಕೇಂದ್ರ ತೆರೆಯಿತು. ಮಾರುವುದಕ್ಕಲ್ಲ, ಕಲಿಯುವುದಕ್ಕೆ. ಹೊಸ ವಿದ್ಯುತ್ ‘ಟ್ವಿಂಗೊ’ದ ಆಕಾರ ಫ್ರಾನ್ಸಿನದು, ಎಂಜಿನಿಯರಿಂಗ್‌ನ ದೊಡ್ಡ ಪಾಲು ಶಾಂಘೈನದು, ಜೋಡಣೆ ಸ್ಲೊವೇನಿಯಾದ ನೋವೊ ಮೆಸ್ಟೊ ಕಾರ್ಖಾನೆಯದು. 27.5 ಕಿಲೋವ್ಯಾಟ್‌ಅವರ್‌ನ ಚಿಕ್ಕ ಬ್ಯಾಟರಿಯ ಸೆಲ್‌ಗಳು ಚೀನಾದ ಬ್ಯಾಟರಿ ಕಂಪನಿ ಸಿಎಟಿಎಲ್‌ನವು, ನಿಕ್ಕಲ್ ಕೋಬಾಲ್ಟ್ ಇಲ್ಲದ ಅಗ್ಗದ ಲಿಥಿಯಂ ಐರನ್ ಫಾಸ್ಫೇಟ್ ಮಾದರಿ. ಎರಡು ವರ್ಷದೊಳಗೆ ಅಭಿವೃದ್ಧಿ ಮುಗಿಸಿ, 2025ರ ನವೆಂಬರಿನಲ್ಲಿ 20,000 ಯುರೋಗಿಂತ ಕಡಿಮೆ ಬೆಲೆ ಹೇಳಿ ಪರದೆ ಎತ್ತಿದರು. ಇಲ್ಲಿ ಕಾರ್ಖಾನೆ ಯುರೋಪಿನಲ್ಲೇ ಉಳಿಯಿತು, ಕಲಿತ ಪದ್ಧತಿ ಹಿಂದಿರುಗಿ ಬಂತು. ಒಂದು ಚಿಂತೆ ಮಾತ್ರ ಇದೆ. ಕಲಿತದ್ದು ಪ್ಯಾರಿಸ್ ಬಳಿಯ ಎಂಜಿನಿಯರ್‌ಗಳ ಕೈಗೆ ಬಂತೋ, ಅಥವಾ ಪ್ರತಿ ಹೊಸ ಕಾರಿಗೂ ಶಾಂಘೈಗೇ ಹೋಗಬೇಕೋ ಎಂಬುದು ಮುಂದಿನ ಎರಡು ಮೂರು ಕಾರುಗಳಲ್ಲಿ ಗೊತ್ತಾಗುತ್ತದೆ.

ಮೂರನೆಯ ದಾರಿ ಚೀನೀಯರನ್ನೇ ಮನೆಗೆ ಕರೆಯುವುದು. ಫಿಯೆಟ್, ಪೂಜೊಗಳ ಒಡೆಯ ಸ್ಟೆಲಾಂಟಿಸ್ 2023ರಲ್ಲಿ ಸುಮಾರು 150 ಕೋಟಿ ಯುರೋ ಕೊಟ್ಟು ಚೀನಾದ ವಿದ್ಯುತ್ ಕಾರು ಕಂಪನಿ ಲೀಪ್‌ಮೋಟರ್‌ನಲ್ಲಿ ಐದನೇ ಒಂದು ಭಾಗದಷ್ಟು ಪಾಲು ಹಿಡಿಯಿತು. ಅದರ ಕಾರುಗಳನ್ನು ಚೀನಾದ ಹೊರಗೆ ಮಾರುವ ಜಂಟಿ ಕಂಪನಿಯಲ್ಲಿ 51% ಸ್ಟೆಲಾಂಟಿಸ್‌ನದೇ. ಸ್ಪೇನಿನ ಝರಗೋಝಾದಲ್ಲಿ ಸಿಎಟಿಎಲ್ ಜೊತೆ 410 ಕೋಟಿ ಯುರೋದ ಬ್ಯಾಟರಿ ಕಾರ್ಖಾನೆಯನ್ನೂ ಘೋಷಿಸಿದೆ. ಬ್ಯಾಟರಿಯಲ್ಲಿ ಯುರೋಪಿನದೇ ಆದ ದೊಡ್ಡ ಆಸೆ ಸ್ವೀಡನ್ನಿನ ನಾರ್ತ್‌ವೋಲ್ಟ್ ಆಗಿತ್ತು, 2025ರ ಮಾರ್ಚ್‌ನಲ್ಲಿ ಅದು ದಿವಾಳಿ ಅರ್ಜಿ ಹಾಕಿತು. ಸಿಎಟಿಎಲ್ ಹುಟ್ಟಿದ್ದು 2011ರಲ್ಲಿ, ಅದರ ಮೊದಲ ದೊಡ್ಡ ಗಿರಾಕಿಗಳಲ್ಲಿ ಒಂದು ಬಿಎಂಡಬ್ಲ್ಯುವಿನ ಚೀನಾ ಜಂಟಿ ಕಂಪನಿ. ಕಾರಿನ ಬ್ಯಾಟರಿಗೆ ಯಾವ ಪರೀಕ್ಷೆ, ಯಾವ ಗುಣಮಟ್ಟ ಎಂಬ ಪಾಠ ಅಲ್ಲಿ ಶುರುವಾಯಿತು. ಇಂದು ಜರ್ಮನಿಯ ಅರ್ನ್‌ಸ್ಟಾಟ್‌ನಲ್ಲಿ ಸಿಎಟಿಎಲ್‌ನದೇ ಕಾರ್ಖಾನೆ ಸೆಲ್ ತಯಾರಿಸುತ್ತಿದೆ.

ಸುಂಕದ ಬಗ್ಗೆ ಹೆಚ್ಚು ಹೇಳುವುದಿಲ್ಲ. 2024ರ ಅಕ್ಟೋಬರ್ ಕೊನೆಯಿಂದ ಯುರೋಪಿಯನ್ ಒಕ್ಕೂಟಕ್ಕೆ ಬರುವ, ಚೀನಾದಲ್ಲಿ ತಯಾರಾದ ವಿದ್ಯುತ್ ಕಾರುಗಳ ಮೇಲೆ ಮಾಮೂಲಿ 10%ರ ಜೊತೆಗೆ ಬಿವೈಡಿಗೆ 17%, ಚೀನಾದ ಇನ್ನೆರಡು ಕಾರು ಕಂಪನಿಗಳಾದ ಗೀಲಿಗೆ 18.8%, ಎಸ್‌ಎಐಸಿಗೆ 35.3% ಹೆಚ್ಚುವರಿ ಸುಂಕ ಬಿತ್ತು. ಬಿಎಂಡಬ್ಲ್ಯುವಿನ ಚೀನಾದಲ್ಲಿ ತಯಾರಾದ ವಿದ್ಯುತ್ ‘ಮಿನಿ’ಗೂ ಬಿತ್ತು, ಫೋಕ್ಸ್‌ವ್ಯಾಗನ್ ಬಳಗದ ಕುಪ್ರಾಗೂ ಬಿತ್ತು. ಮತದಾನದಲ್ಲಿ ಜರ್ಮನಿ ಸುಂಕಕ್ಕೆ ವಿರುದ್ಧವಾಗಿ ಕೈಯೆತ್ತಿದ್ದು ಸುಮ್ಮನೆ ಅಲ್ಲ.

ಯಂತ್ರ ತಯಾರಕರ ಪಾಡು ಕಾರಿನವರಷ್ಟು ಸುದ್ದಿಯಾಗುವುದಿಲ್ಲ. 2012ರಲ್ಲಿ ಸ್ಟುಟ್‌ಗಾರ್ಟ್ ಪಕ್ಕದ ಕಾಂಕ್ರೀಟ್ ಪಂಪ್ ಕಂಪನಿ ಪುಟ್ಸ್‌ಮೈಸ್ಟರ್ ಅನ್ನು ಚೀನಾದ ಸ್ಯಾನಿ ಕೊಂಡಿತು. 2016ರಲ್ಲಿ ಆಗ್ಸ್‌ಬರ್ಗ್‌ನ ರೋಬೊ ತಯಾರಕ ಕೂಕಾ, ಫ್ಯಾನು ಫ್ರಿಜ್ಜು ಮಾಡುವ ಮೈಡಿಯಾದ ಪಾಲಾಯಿತು. ಆಗ ಬರ್ಲಿನ್ ಬೆಚ್ಚಿಬಿದ್ದು ವಿದೇಶಿ ಹೂಡಿಕೆಯ ನಿಯಮ ಬಿಗಿಮಾಡಿತು. ಈಗ ಹಾಗೆ ಕೊಳ್ಳುವ ಅಗತ್ಯವೂ ಕಡಿಮೆಯಾಗಿದೆ. ಜಗತ್ತಿನಲ್ಲಿ ಪ್ರತಿವರ್ಷ ಹೊಸದಾಗಿ ಕೂರುವ ಕೈಗಾರಿಕಾ ರೋಬೊಗಳಲ್ಲಿ ಅರ್ಧಕ್ಕಿಂತ ಹೆಚ್ಚು ಚೀನಾದಲ್ಲೇ ಕೂರುತ್ತವೆ, 2024ರಲ್ಲಿ ಅವುಗಳ ಪೈಕಿ 57% ಚೀನೀ ಕಂಪನಿಗಳವು. ಚಿಪ್ ಮುದ್ರಿಸುವ ಯಂತ್ರ ಮಾಡುವ ಡಚ್ ಕಂಪನಿ ಎಎಸ್‌ಎಂಎಲ್‌ನಂಥ, ಅದಕ್ಕೆ ಲೇಸರ್ ಕೊಡುವ ಟ್ರುಂಫ್‌ನಂಥ, ಕನ್ನಡಿ ಕೊಡುವ ಝೈಸ್‌ನಂಥ ಕೆಲವರು ಇನ್ನೂ ಯಾರ ಕೈಗೂ ಸಿಗದ ಎತ್ತರದಲ್ಲಿದ್ದಾರೆ. ಆದರೆ ಆ ಎತ್ತರದಲ್ಲಿ ಎಷ್ಟು ಜನಕ್ಕೆ ಜಾಗವಿದೆ?

ಇನ್ನು ನನ್ನಂಥವರ ನಿದ್ದೆ ಕೆಡಿಸಿದ ವಿಷಯ. 2025ರ ಏಪ್ರಿಲ್ 4ರಂದು ಚೀನಾ ಏಳು ಅಪರೂಪದ ಲೋಹಗಳ ರಫ್ತಿಗೆ ಪರವಾನಗಿ ಕಡ್ಡಾಯ ಮಾಡಿತು. ಮೋಟಾರಿನ ಆಯಸ್ಕಾಂತ ಬಿಸಿಯಲ್ಲೂ ಶಕ್ತಿ ಕಳೆದುಕೊಳ್ಳದಿರಲು ಬೇಕಾದ ಡಿಸ್ಪ್ರೋಸಿಯಂ, ಟರ್ಬಿಯಂ ಅದರಲ್ಲಿದ್ದವು. ಪರವಾನಗಿ ಬೇಕಾದರೆ ಆಯಸ್ಕಾಂತ ಯಾವ ಭಾಗಕ್ಕೆ, ಆ ಭಾಗ ಕೊನೆಗೆ ಯಾರ ಕೈಗೆ ಎಂಬುದನ್ನೆಲ್ಲ ಅರ್ಜಿಯಲ್ಲಿ ಹೇಳಬೇಕು. ಅಂದರೆ ಮಾಲು ಬೇಕಿದ್ದರೆ ಗುಟ್ಟು ಬಿಡಬೇಕು. ಯುರೋಪಿನ ಹಲವು ಬಿಡಿಭಾಗ ಕಾರ್ಖಾನೆಗಳ ಲೈನುಗಳು ನಿಂತವು. ಚಾಲನೆಯ ಮೋಟಾರಿನಲ್ಲಿ ಆಯಸ್ಕಾಂತವನ್ನೇ ಬಿಟ್ಟು ತಾಮ್ರದ ಸುರುಳಿ ಬಳಸುವ ಬಿಎಂಡಬ್ಲ್ಯು, ರೆನೊ ಸ್ವಲ್ಪ ಹಗುರಾಗಿ ಉಸಿರಾಡಿರಬೇಕು. ಪೂರ್ತಿ ಹಗುರಾಗಿ ಅಲ್ಲ, ಏಕೆಂದರೆ ಸ್ಟಿಯರಿಂಗಿಗೂ ಸೀಟಿಗೂ ಪುಟ್ಟ ಮೋಟಾರುಗಳಿವೆ.

ಆ ಗಾಯ ಮಾಯುವ ಮುನ್ನ ನೆಕ್ಸ್‌ಪೀರಿಯಾ ಬಂತು. ನೆದರ್ಲೆಂಡ್ಸ್‌ನ ನೈಮೇಗನ್ನಿನ ಈ ಕಂಪನಿ ಮಾಡುವುದು ಡಯೋಡು, ಟ್ರಾನ್ಸಿಸ್ಟರುಗಳಂಥ ಪುಡಿ ಚಿಪ್‌ಗಳನ್ನು. ಬೆಲೆ ಚಿಲ್ಲರೆ, ಆದರೆ ಒಂದೊಂದು ಕಾರಿಗೂ ನೂರಾರು ಬೇಕು. ಮಾಲೀಕರು ಚೀನಾದ ವಿಂಗ್‌ಟೆಕ್. 2025ರ ಸೆಪ್ಟೆಂಬರ್ 30ರಂದು ಡಚ್ ಸರ್ಕಾರ ಒಂದು ಹಳೆಯ ಕಾನೂನು ಹಿಡಿದು ಕಂಪನಿಯ ನಿರ್ಧಾರಗಳ ಮೇಲೆ ಹಿಡಿತ ಸಾಧಿಸಿತು. ಕೆಲವೇ ದಿನಗಳಲ್ಲಿ ಬೀಜಿಂಗ್ ಚೀನಾದಲ್ಲಿರುವ ಅದರ ಡೊಂಗ್ವಾನ್ ಘಟಕದ ರಫ್ತು ತಡೆಯಿತು. ಹ್ಯಾಂಬರ್ಗ್‌ನಲ್ಲಿ ಮಾಡಿದ ಸಿಲಿಕಾನ್ ಬಿಲ್ಲೆಗಳೂ ಕತ್ತರಿಸಿ ಪ್ಯಾಕ್ ಮಾಡಿಸಿಕೊಳ್ಳಲು ಬಹುಪಾಲು ಡೊಂಗ್ವಾನಿಗೇ ಹೋಗುತ್ತಿದ್ದವು ಎಂಬುದು ಆಗ ಎಲ್ಲರ ಅರಿವಿಗೆ ಬಂತು. ನವೆಂಬರ್ 19ರಂದು ಡಚ್ಚರು ಆದೇಶವನ್ನು ತಡೆಹಿಡಿದರು. ಎರಡನೆಯ ವೆಂಡರ್ ಇದ್ದಾನೆ ಎಂದು ಪರ್ಚೇಸ್ ವಿಭಾಗ ಹೇಳಿದರೆ ಈಗ ಯಾರೂ ಸುಮ್ಮನಾಗುವುದಿಲ್ಲ. ಅವನಿಗೆ ಪ್ಯಾಕ್ ಮಾಡಿಕೊಡುವವನು ಯಾರು, ಅವನಿಗೆ ಕಚ್ಚಾ ಮಾಲು ಕೊಡುವವನು ಯಾರು ಎಂದು ಮೂರು ಮೆಟ್ಟಿಲು ಇಳಿದು ಕೇಳಬೇಕು. ಚೀನಾದ ಹೊರಗಿನ ಆಯಸ್ಕಾಂತ ತುಟ್ಟಿ. ಆ ಹೆಚ್ಚಿನ ದುಡ್ಡು ಯಾರ ಲೆಕ್ಕಕ್ಕೆ ಎಂಬಲ್ಲಿಗೆ ಬಂದಾಗ ಕಾರು ಕಂಪನಿ ವೆಂಡರ್ ಕಡೆ ನೋಡುತ್ತದೆ, ವೆಂಡರ್ ಸೂರು ನೋಡುತ್ತಾನೆ.

ಚೀನಾದ ಬೆಲೆಯೂ ಪೂರ್ತಿ ನಿಜವಾದ ಬೆಲೆಯಲ್ಲ. ಅಲ್ಲಿನ ಕಾರು ಕಂಪನಿಗಳು ವೆಂಡರ್‌ಗಳಿಗೆ ತಿಂಗಳುಗಟ್ಟಲೆ ಹಣ ಕೊಡದೆ, ಅದೇ ದುಡ್ಡಿನಲ್ಲಿ ಬೆಲೆ ಸಮರ ನಡೆಸಿವೆ. 2025ರ ಜೂನ್‌ನಲ್ಲಿ ಸರ್ಕಾರದ ಒತ್ತಡಕ್ಕೆ 17 ಕಂಪನಿಗಳು 60 ದಿನದೊಳಗೆ ಪಾವತಿಸುತ್ತೇವೆಂದು ಮಾತು ಕೊಟ್ಟವು. ಬಿಚ್ಚಿದ ಕಾರಿನ ಲೆಕ್ಕದಲ್ಲಿ ಈ ಸಾಲ ಎಲ್ಲೂ ಕಾಣುವುದಿಲ್ಲ. ಹಾಗೆಂದು ಇದು ನಾಳೆ ಒಡೆಯುವ ಗುಳ್ಳೆ ಎಂದು ಕೈಕಟ್ಟಿ ಕೂರುವುದೂ ತಪ್ಪು. ಹತ್ತಾರು ಕಂಪನಿ ಮುಳುಗಿದರೂ ಟೂಲ್‌ರೂಮುಗಳು, ಅಲ್ಲಿ ಪಳಗಿದ ಕೈಗಳು ಅಲ್ಲೇ ಇರುತ್ತವೆ.

ಇತ್ತ ಜರ್ಮನಿಯಲ್ಲಿ ಫೋಕ್ಸ್‌ವ್ಯಾಗನ್ 2030ರೊಳಗೆ 35,000 ಹುದ್ದೆ ಇಳಿಸಲು 2024ರ ಡಿಸೆಂಬರಿನಲ್ಲಿ ಕಾರ್ಮಿಕ ಸಂಘದೊಂದಿಗೆ ಒಪ್ಪಂದ ಮಾಡಿಕೊಂಡಿದೆ. ಬಿಡಿಭಾಗ ಕಂಪನಿ ಝಡ್‌ಎಫ್ 14,000ದವರೆಗೆ ಎಂದಿದೆ. ಬಾಷ್ 2025ರ ಸೆಪ್ಟೆಂಬರಿನಲ್ಲಿ ಇನ್ನೂ 13,000 ಎಂದಿತು. ಎಲ್ಲವೂ ಚೀನಾದ ದೆಸೆಯಿಂದಲ್ಲ. ದುಬಾರಿ ವಿದ್ಯುತ್ತು, ಡೀಸೆಲ್ ಎಂಜಿನ್ನಿಗೆ ಕಡಿಮೆಯಾದ ಬೇಡಿಕೆ, ತಡವಾದ ಸಾಫ್ಟ್‌ವೇರ್ ಕೂಡ ಕಾರಣ. ಬ್ರಸೆಲ್ಸ್‌ನಲ್ಲಿ ಈಗ ಹೊಸ ಮಾತು ಕೇಳುತ್ತಿದೆ: ಇಲ್ಲಿ ಕಾರ್ಖಾನೆ ಹಾಕುವ ಚೀನೀ ಕಂಪನಿ ಜಂಟಿ ಪಾಲುದಾರಿಕೆಗೆ ಬರಲಿ, ತಂತ್ರಜ್ಞಾನ ಹಂಚಿಕೊಳ್ಳಲಿ. ಶಾಂಘೈ 1984ರಲ್ಲಿ ಹಾಕಿದಂಥದೇ ಷರತ್ತು. ಆದರೆ ಬೀಜಿಂಗ್ ಆ ಪಾಠ ಮರೆತಿಲ್ಲ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯ ಕ್ಯಾಥೋಡ್ (ಧನ ವಿದ್ಯುದ್ವಾರ) ತಯಾರಿಸುವ ತಂತ್ರಜ್ಞಾನವನ್ನು 2025ರ ಜುಲೈನಲ್ಲೇ ರಫ್ತು ನಿರ್ಬಂಧದ ಪಟ್ಟಿಗೆ ಸೇರಿಸಿದೆ.

ಬೆಂಗಳೂರಿಗೆ ಇದು ದೂರದ ಕಥೆಯಲ್ಲ. 1951ರಲ್ಲಿ ಶುರುವಾಗಿ, ಆಡುಗೋಡಿಯಲ್ಲಿ ‘ಮೈಕೋ’ ಎಂದೇ ಹೆಸರಾಗಿದ್ದ ಬಾಷ್, 1996ರಲ್ಲಿ ಬಂದ ಮರ್ಸಿಡಿಸ್‌ನ ಸಂಶೋಧನಾ ಕೇಂದ್ರ, ಇವುಗಳಂಥ ಹಲವು ಕಡೆ ಯುರೋಪಿನ ಕಾರುಗಳ ಕೋಡು ಬರೆಯುವವರಲ್ಲಿ ನಮ್ಮವರು ಸಾವಿರಾರು. ಜರ್ಮನಿಯಲ್ಲಿ ಖರ್ಚು ಬಿಗಿಯಾದಷ್ಟೂ ಕೆಲಸ ಬೆಂಗಳೂರಿಗೆ ಹರಿದುಬರುತ್ತದೆ ಎಂಬುದು ನಿಜ, ಸದ್ಯಕ್ಕೆ ಅದೇ ಆಗುತ್ತಿದೆ. ಆದರೆ ಒಲೆ ಬೇರೆಯಾದ ಮೇಲೆ ಚೀನಾದ ಕಾರಿನ ಕೋಡು ಹೆಫೆಯಲ್ಲಿ, ಶಾಂಘೈನಲ್ಲಿ, ಅಲ್ಲಿನವರ ಚಿಪ್ ಮೇಲೆ ತಯಾರಾಗುತ್ತದೆ. ಒಮ್ಮೆ ಬರೆದು ಜಗತ್ತಿಗೆಲ್ಲ ಹಂಚುತ್ತಿದ್ದ ಸಾಫ್ಟ್‌ವೇರ್‌ನ ಖರ್ಚು ಇನ್ನು ಕಡಿಮೆ ಕಾರುಗಳ ಮೇಲೆ ಬೀಳುತ್ತದೆ. ಕೆಲಸ ಬದಲಿಸಬೇಕೆ ಎಂದು ಕೇಳಿ ಬರುವ ಕಿರಿಯರಿಗೆ ನಾನು ಸಂಬಳದ ಮಾತು ಆಡುವುದಿಲ್ಲ. ನೀವಿರುವ ಪ್ರಾಜೆಕ್ಟು ಯಾವ ಕಾರಿಗೆ, ಆ ಕಾರು ಯಾವ ಮಾರುಕಟ್ಟೆಗೆ, ಅದರ ಮುಂದಿನ ಆವೃತ್ತಿಯ ವಿನ್ಯಾಸ ಯಾವ ಊರಿನಲ್ಲಿ ನಡೆದಿದೆ ಎಂಬುದನ್ನು ನಿಮ್ಮ ಮ್ಯಾನೇಜರ್‌ನ ಹತ್ತಿರ ಮೊದಲು ಕೇಳಿಕೊಂಡು ಬನ್ನಿ ಎನ್ನುತ್ತೇನೆ.