ಚಂದ್ರ ಯಾಕೆ ದೊಡ್ಡದಾಗಬಾರದು?

ಬೆಳದಿಂಗಳ ರಾತ್ರಿ. ಒಂದು ತೋಟದ ಮನೆ, ಅದರ ಮುಂದೆ ಬೇಲಿ, ಹಿಂದೆ ಗುಡ್ಡ, ಮೇಲೆ ಚಂದ್ರ. ಇಷ್ಟನ್ನೂ ಒಂದೇ ಹಾಳೆಯ ಮೇಲೆ ಚೆನ್ನಾಗಿ ಬರೆದು, ಕ್ಯಾಮೆರಾವನ್ನು ಮೆಲ್ಲಗೆ ಹತ್ತಿರ ತನ್ನಿ. ಬೇಲಿ ದೊಡ್ಡದಾಗುತ್ತದೆ, ಸರಿ. ಮನೆ ದೊಡ್ಡದಾಗುತ್ತದೆ, ಅದೂ ಸರಿ. ಆದರೆ ಚಂದ್ರನೂ ಊದಿಕೊಳ್ಳುತ್ತಾನೆ! ಅಲ್ಲಿಗೆ ಎಲ್ಲ ಕೆಟ್ಟಿತು. ನೋಡುವವನಿಗೆ ಕಾರಣ ಗೊತ್ತಾಗದಿದ್ದರೂ ಇದು ನಿಜವಾದ ಜಾಗವಲ್ಲ, ಬರೀ ಚಿತ್ರ ಅಂತ ಮನಸ್ಸು ಹೇಳಿಬಿಡುತ್ತದೆ.

1957ರಲ್ಲಿ ವಾಲ್ಟ್ ಡಿಸ್ನಿ ತಮ್ಮ ಟೆಲಿವಿಷನ್ ಕಾರ್ಯಕ್ರಮದಲ್ಲಿ ಇದೇ ಚಂದ್ರನನ್ನು ತೋರಿಸಿ ತಮ್ಮ ಸ್ಟುಡಿಯೋದ ಮಲ್ಟಿಪ್ಲೇನ್ ಕ್ಯಾಮೆರಾ, ಅಂದರೆ ಹಲವು ಪದರಗಳ ಕ್ಯಾಮೆರಾ, ಏನು ಮಾಡುತ್ತದೆ ಅಂತ ವಿವರಿಸಿದರು. ಹಳೆಯ ಕಾರ್ಟೂನ್ ಚಿತ್ರಗಳ ಹಿಂದಿನ ಎಷ್ಟೋ ಕಥೆಗಳಲ್ಲಿ ನನಗೆ ಇದರಷ್ಟು ಇಷ್ಟವಾದದ್ದು ಇನ್ನೊಂದಿಲ್ಲ.

ಲೆಕ್ಕ ಸುಲಭ. ಮನೆ 200 ಮೀಟರ್ ದೂರದಲ್ಲಿದೆ ಅಂತಿಟ್ಟುಕೊಳ್ಳಿ. ನೀವು 100 ಮೀಟರ್ ನಡೆದರೆ ಅದು ಮೊದಲಿನ ಎರಡರಷ್ಟು ಕಾಣುತ್ತದೆ. ಚಂದ್ರ ಇರುವುದು ಸುಮಾರು 3,84,000 ಕಿಲೋಮೀಟರ್ ಆಚೆ. ನಿಮ್ಮ ಆ 100 ಮೀಟರ್ ನಡಿಗೆ ಅವನ ದೂರದಲ್ಲಿ 38 ಲಕ್ಷಕ್ಕೆ ಒಂದು ಪಾಲು. ಅವನಿಗೆ ನೀವು ಅಲ್ಲಾಡಿದ್ದೇ ಗೊತ್ತಿಲ್ಲ! ರಾತ್ರಿ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತ ಮಗು "ಚಂದ್ರ ನಮ್ ಜೊತೇನೇ ಬರ್ತಿದಾನೆ" ಅನ್ನುವುದು ಇದಕ್ಕೇ. ಕರೆಂಟ್ ಕಂಬ ಸರ್ರನೆ ಹಿಂದೆ ಓಡುತ್ತದೆ, ಅದರಾಚೆಯ ತೋಟ ನಿಧಾನವಾಗಿ ಸರಿಯುತ್ತದೆ, ಗುಡ್ಡ ಸರಿದೂ ಸರಿಯದ ಹಾಗೆ ಇರುತ್ತದೆ, ಚಂದ್ರ ಜೊತೆಗೇ ಬರುತ್ತಾನೆ. ಯಾವುದು ಎಷ್ಟು ಬೇಗ ಸರಿಯುತ್ತದೋ ಅದೇ ಅದರ ದೂರದ ಗುರುತು. ಇದಕ್ಕೆ ಪ್ಯಾರಲಾಕ್ಸ್ ಅನ್ನುತ್ತಾರೆ.

ಇಲ್ಲೊಂದು ತಪ್ಪು ಕಲ್ಪನೆ ಗಟ್ಟಿಯಾಗಿ ಕೂತಿದೆ. ಆಳ ಗೊತ್ತಾಗಬೇಕಾದರೆ ಎರಡು ಕಣ್ಣು ಬೇಕೇಬೇಕು, ಸಿನಿಮಾದಲ್ಲಾದರೆ ತ್ರೀಡಿ ಕನ್ನಡಕ ಬೇಕು ಅಂತ ಓದಿದವರೂ ಹೇಳುತ್ತಾರೆ. ಹಾಗೇನಿಲ್ಲ. ಒಂದು ಕಣ್ಣು ಮುಚ್ಚಿ ಕಿಟಕಿಯ ಸರಳಿನ ಆಚೆಗಿರುವ ಮರ ನೋಡಿ. ಈಗ ತಲೆಯನ್ನು ಸ್ವಲ್ಪ ಎಡಕ್ಕೆ, ಬಲಕ್ಕೆ ಆಡಿಸಿ. ಸರಳು ಜಿಗಿಯುತ್ತದೆ, ಮರ ನಿಲ್ಲುತ್ತದೆ, ನಡುವಿನ ಜಾಗ ತಟ್ಟನೆ ತೆರೆದುಕೊಳ್ಳುತ್ತದೆ. ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ 1860ರ ದಶಕದಲ್ಲೇ ಇದನ್ನು ಕಾಡಿನ ಉದಾಹರಣೆ ಕೊಟ್ಟು ಬರೆದಿದ್ದರು. ದಟ್ಟ ಕಾಡಿನಲ್ಲಿ ಸುಮ್ನೆ ನಿಂತರೆ ಯಾವ ಕೊಂಬೆ ಯಾವ ಮರದ್ದು ಅಂತ ತಿಳಿಯುವುದಿಲ್ಲ, ಎಲ್ಲ ಕಲಸಿಹೋಗಿರುತ್ತದೆ. ಒಂದು ಹೆಜ್ಜೆ ಇಟ್ಟ ಕೂಡಲೇ ಮರಗಳು ಬೇರೆಬೇರೆಯಾಗಿ ನಿಲ್ಲುತ್ತವೆ.

ಮಿಡತೆಗೂ ಇದು ಗೊತ್ತು. ಹಾರುವ ಮೊದಲು ಅದು ಮೈಯನ್ನು ಆಚೀಚೆ ತೂಗುತ್ತದೆ, ನೋಡಿದ್ದೀರಲ್ವಾ? ಎದುರಿನ ಕಡ್ಡಿ ಎಷ್ಟು ಸರಿದಂತೆ ಕಾಣುತ್ತದೆ ಅನ್ನುವುದರಿಂದ ಅದು ದೂರ ಅಳೆಯುತ್ತಿರುತ್ತದೆ. ಅದು ತೂಗುವಾಗಲೇ ಎದುರಿನ ಗುರಿಯನ್ನೂ ಜಾಣತನದಿಂದ ಸರಿಸಿದರೆ ಪಾಪ, ಅದರ ಲೆಕ್ಕ ತಪ್ಪುತ್ತದೆ ಅಂತ ವಿಜ್ಞಾನಿಗಳು ಪ್ರಯೋಗ ಮಾಡಿ ತೋರಿಸಿದ್ದಾರೆ.

ಮಲ್ಟಿಪ್ಲೇನ್ ಕ್ಯಾಮೆರಾ ನಮಗೆ ಮಾಡುವುದೂ ಇದನ್ನೇ. ನಾವು ಕುರ್ಚಿಯಲ್ಲಿ ಕದಲದೆ ಕೂತಿರುತ್ತೇವೆ, ಅದು ಗುರಿಗಳನ್ನು ಸರಿಸುತ್ತದೆ.

ಯಂತ್ರ ನೋಡಲು ಎತ್ತರದ ಕಬ್ಬಿಣದ ಮಂಚದ ಹಾಗೆ, ಅಂತಸ್ತಿನ ಮೇಲೆ ಅಂತಸ್ತು. ತುದಿಯಲ್ಲಿ ಕೆಳಮುಖವಾಗಿ ಕೂತ ಕ್ಯಾಮೆರಾ. ಕೆಳಗೆ ಏಳರವರೆಗೂ ಚಿತ್ರದ ಪದರಗಳು, ಗಾಜಿನ ಮೇಲೆ ಎಣ್ಣೆಬಣ್ಣದಲ್ಲಿ ಬರೆದವು. ಬೇಲಿ ಒಂದರಲ್ಲಿ, ಮನೆ ಇನ್ನೊಂದರಲ್ಲಿ, ಗುಡ್ಡ ಅದರ ಕೆಳಗೆ, ಚಂದ್ರ ಎಲ್ಲಕ್ಕಿಂತ ತಳದಲ್ಲಿ. ಒಂದು ಫ್ರೇಮ್ ತೆಗೆಯಬೇಕು. ಆಮೇಲೆ ಪ್ರತಿ ಗಾಜನ್ನೂ ಅದರದರ ಲೆಕ್ಕದಷ್ಟು, ಕೂದಲೆಳೆಯಷ್ಟು, ಸರಿಸಬೇಕು. ಮತ್ತೊಂದು ಫ್ರೇಮ್. ಸೆಕೆಂಡಿಗೆ 24 ಫ್ರೇಮ್ ಅಂದರೆ ಹತ್ತು ಸೆಕೆಂಡಿನ ದೃಶ್ಯಕ್ಕೆ 240 ಸಲ ಇದೇ ಕೆಲಸ. ಮೇಲಿನ ಗಾಜಿನ ನೆರಳು ಕೆಳಗಿನದರ ಮೇಲೆ ಬೀಳಬಾರದು, ಹಾಗಾಗಿ ಪದರಕ್ಕೊಂದು ಬೆಳಕಿನ ವ್ಯವಸ್ಥೆ. ಒಂದು ಧೂಳಿನ ಕಣ ಕೂತರೂ ಪರದೆಯ ಮೇಲೆ ಕಾಣುತ್ತದೆ. ಇಷ್ಟೆಲ್ಲ ನಡೆಯುವಾಗ ಚಂದ್ರನ ಹಾಳೆಯನ್ನು ಮಾತ್ರ ಯಾರೂ ಮುಟ್ಟುವಂತಿಲ್ಲ.

ಇದನ್ನು ಡಿಸ್ನಿಯೇ ಮೊದಲು ಕಂಡುಹಿಡಿದರು ಅನ್ನುತ್ತಾರೆ, ಅವರ 'ಸ್ನೋ ವೈಟ್' ಜಗತ್ತಿನ ಮೊದಲ ಪೂರ್ಣಪ್ರಮಾಣದ ಕಾರ್ಟೂನ್ ಚಿತ್ರ ಅಂತಲೂ ಅನ್ನುತ್ತಾರೆ. ಎರಡೂ ತಪ್ಪು, ಮತ್ತು ಹೀಗೆ ಹೇಳುವಾಗಲೆಲ್ಲ ಒಬ್ಬ ಹೆಣ್ಣುಮಗಳ ಹೆಸರು ಮರೆಯಾಗುತ್ತದೆ, ನನಗೆ ಬೇಜಾರಾಗುವುದು ಅದಕ್ಕೆ. ಜರ್ಮನಿಯ ಲೊಟ್ಟೆ ರೈನಿಗರ್ ಕಪ್ಪು ರಟ್ಟನ್ನು ಕತ್ತರಿಯಿಂದ ಕತ್ತರಿಸಿ ಗೊಂಬೆ ಮಾಡಿ, ಗಾಜಿನ ಮೇಲೆ ಮಲಗಿಸಿ, ಕೆಳಗಿನಿಂದ ಬೆಳಕು ಕೊಟ್ಟು, ಮೇಲಿನಿಂದ ಚಿತ್ರ ತೆಗೆದರು. ಪಾಟ್ಸ್‌ಡ್ಯಾಮ್‌ನಲ್ಲಿ ಒಂದು ಗ್ಯಾರೇಜಿನ ಮೇಲಿನ ಕೋಣೆಯಲ್ಲಿ ಮೂರು ವರ್ಷ ನಡೆದ ಕೆಲಸ ಅದು. 'ಪ್ರಿನ್ಸ್ ಅಖ್ಮದ್‌ನ ಸಾಹಸಗಳು' 1926ರಲ್ಲಿ ತೆರೆಗೆ ಬಂತು. ಅದರಲ್ಲಾಗಲೇ ಗಾಜಿನ ಪದರಗಳಿದ್ದವು. ಆಮೇಲೆ ಮಿಕ್ಕಿ ಮೌಸ್‌ನ ಮೊದಲ ಚಿತ್ರಗಳನ್ನು ಬಹುಪಾಲು ಬಿಡಿಸಿದ್ದ ಅಬ್ ಐವರ್ಕ್ಸ್, ಡಿಸ್ನಿಯನ್ನು ಬಿಟ್ಟು ಹೋದ ಮೇಲೆ, ಹಳೆಯ ಷೆವರ್ಲೆ ಕಾರಿನ ಭಾಗಗಳನ್ನು ಜೋಡಿಸಿ ಇಂಥದ್ದೊಂದು ಕ್ಯಾಮೆರಾ ಕಟ್ಟಿದರು. ಡಿಸ್ನಿ ಸ್ಟುಡಿಯೋದಲ್ಲಿ ವಿಲಿಯಂ ಗ್ಯಾರಿಟಿ ಅವರ ತಂಡ ಮಾಡಿದ ಯಂತ್ರ ಬಂದದ್ದು ಆಮೇಲೆ. ಅದನ್ನು ಪರೀಕ್ಷಿಸಲೆಂದೇ 1937ರಲ್ಲಿ 'ಓಲ್ಡ್ ಮಿಲ್' ಅನ್ನುವ ಪುಟ್ಟ ಚಿತ್ರ ಮಾಡಿದರು. ಕಥೆ ಅಂತ ಏನೂ ಇಲ್ಲ, ಹಳೆಯ ಗಾಳಿಗಿರಣಿ, ಅದರೊಳಗಿನ ಹಕ್ಕಿಗಳು, ಒಂದು ಬಿರುಗಾಳಿಯ ರಾತ್ರಿ. ಅದಕ್ಕೆ ಆಸ್ಕರ್ ಬಂತು. ಅದೇ ವರ್ಷ ಡಿಸೆಂಬರ್ 21ರಂದು ಲಾಸ್ ಏಂಜಲೀಸ್‌ನಲ್ಲಿ 'ಸ್ನೋ ವೈಟ್' ಮೊದಲ ಪ್ರದರ್ಶನ ಕಂಡಿತು.

ಈ ಯಂತ್ರದ ಪೂರ್ತಿ ಬಲ ನೋಡಬೇಕಾದರೆ ಜಿಂಕೆಮರಿಯೊಂದರ ಕಥೆಯಾದ 1942ರ 'ಬ್ಯಾಂಬಿ'ಯ ಆರಂಭ ನೋಡಿ. (ಆ ಚಿತ್ರಕ್ಕೆ ದುಡಿದಿದ್ದ ಕ್ಲೇರ್ ವೀಕ್ಸ್ ಮುಂದೆ ಮುಂಬೈಯ ಫಿಲ್ಮ್ಸ್ ಡಿವಿಷನ್‌ಗೆ ಬಂದು ನಮ್ಮವರಿಗೆ ಕಾರ್ಟೂನ್ ಕಲಿಸಿದರು. 1957ರಲ್ಲಿ ಅಲ್ಲಿಂದಲೂ ಒಂದು ಜಿಂಕೆಯ ಚಿತ್ರವೇ ಬಂತು, ಜಾತಕ ಕಥೆಯದ್ದು.) ಬ್ಯಾಂಬಿಯ ಕಾಡಿಗೆ ರೂಪ ಕೊಟ್ಟವರು ಚೀನಾದಲ್ಲಿ ಹುಟ್ಟಿದ ಕಲಾವಿದ ಟೈರಸ್ ವಾಂಗ್. ಅವರು ಚೀನಾದ ಸೋಂಗ್ ಕಾಲದ ಚಿತ್ರಗಳ ದಾರಿ ಹಿಡಿದರು. ಎಲೆ ಎಲೆಯನ್ನೂ ಬಿಡಿಸಲಿಲ್ಲ. ಮಂಜು, ಮಬ್ಬು ಬೆಳಕು, ಮರಗಳ ಮಸುಕು ರೂಪ, ಅಷ್ಟೆ. ಅಷ್ಟು ಕಮ್ಮಿ ಗೆರೆಗಳಿದ್ದರೂ ಆ ಕಾಡು ಒಳಗೊಳಗೇ ಸಾಗುತ್ತದೆ, ಯಾಕೆಂದರೆ ಒಂದು ಮರ ಇನ್ನೊಂದರ ಮುಂದೆ ಅದರದೇ ವೇಗದಲ್ಲಿ ಸರಿಯುತ್ತಿರುತ್ತದೆ, ಹೆಲ್ಮ್‌ಹೋಲ್ಟ್ಸ್ ಹೆಜ್ಜೆ ಇಟ್ಟ ಕಾಡಿನ ಹಾಗೆಯೇ. ಆ ದೃಶ್ಯವನ್ನು ಒಂದು ಕಣ್ಣು ಮುಚ್ಚಿಕೊಂಡು ನೋಡಿ. ಆಳ ಕಮ್ಮಿಯಾಗುವುದಿಲ್ಲ, ಇನ್ನೂ ಸ್ವಲ್ಪ ಜಾಸ್ತಿಯೇ ಕಾಣಬಹುದು. ಪರದೆ ಚಪ್ಪಟೆ ಅಂತ ಚಾಡಿ ಹೇಳುತ್ತಿದ್ದದ್ದು ಎರಡನೆಯ ಕಣ್ಣು.